ಎಮ್ಮೆ ಇಲ್ಲದ ಎಮ್ಮೆಗುಡ್ಡ

ಕಣಿವೇಹಳ್ಳಿಯ ಕೈಮರದ ಬಳಿ ಬಸ್ಸಿಳಿದು ಉತ್ತರಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಕಾಣುವುದೇ ಎಮ್ಮೆಗುಡ್ಡ. ರಸ್ತೆ ಬದಿಯ ಫಲಕದಲ್ಲೂ ಪಂಚಾಯಿತಿಯ ಗೋಡೆಯ ಮೇಲೂ ಈಗ ಇದೇ ಹೆಸರು. ಬಂದವರು ಬಿಸಿಲಿಗೆ ಕೈ ಅಡ್ಡ ಹಿಡಿದು ಬಂಡೆಗಳ ನಡುವೆ ಕೊಂಬು, ಬೆನ್ನು, ಬಾಲ ಹುಡುಕುತ್ತಾರೆ. ಹುಡುಕಿದವರಿಗೆ ಸಿಗುತ್ತದೆ ಕೂಡ. ಹೋದ ವರ್ಷ ಮಕ್ಕಳನ್ನು ಕರೆತಂದ ಮೇಷ್ಟರೊಬ್ಬರು ಎಮ್ಮೆಯ ಮೂಗನ್ನೂ ತೋರಿಸಿಕೊಟ್ಟರು. ನಾನು ಅಲ್ಲೇ ನಿಂತಿದ್ದೆ. ಆದರೆ ಸುತ್ತಿನ ಹಳ್ಳಿಗಳ ಹಳಬರನ್ನು ಕೇಳಿ ನೋಡಿ, ಈ ಗುಡ್ಡಕ್ಕೂ ಎಮ್ಮೆಗೂ ಯಾವ ಸಂಬಂಧವೂ ಇಲ್ಲ ಎನ್ನುತ್ತಾರೆ. ಹಳೆಯ ಹೆಸರು ಎಮ್ಮದಗುಡ್ಡ. ಆ ಹೆಸರು ಬಂದ ಬಗೆಯನ್ನು ನಾನು ಮೊದಲು ಕೇಳಿದ್ದು ನನ್ನ ಸೋದರತ್ತೆಯ ಬಾಯಲ್ಲಿ. ಗುಡ್ಡದಾಚೆಯ ಹಟ್ಟಿಯವರು ಅದೇ ಕಥೆಯನ್ನು ಸ್ವಲ್ಪ ಬೇರೆಯಾಗಿ ಹೇಳುತ್ತಾರೆ. ಎರಡನ್ನೂ ಸೇರಿಸಿ, ಹಟ್ಟಿಯವರ ಮಾತಿಗೆ ಹೆಚ್ಚು ಕಿವಿಗೊಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಬಹುದೂರದ ಒಂದು ರಾಜಧಾನಿಗೆ ಸೇರಿತ್ತಂತೆ. ಸೇರಿತ್ತು ಎಂದರೆ, ಅಲ್ಲಿನ ಚಕ್ರವರ್ತಿ ತಾನು ಕಣ್ಣಿಂದ ನೋಡದ ಈ ಕಾಡನ್ನು ಗೆದ್ದೆನೆಂದು ಕಲ್ಲಿನ ಮೇಲೆ ಬರೆಸಿಕೊಂಡಿದ್ದ. ಬರೀ ಕಾಡಿನಿಂದ ಅರಮನೆಗೆ ಏನು ಬಂದೀತು? ಹೊಳೆಯ ಪ್ರವಾಹದಲ್ಲಿ ಹೊಲಮನೆ ಕಳೆದುಕೊಂಡ ಒಕ್ಕಲುಗಳನ್ನು ಕರೆಸಿ, “ಹೋಗಿ ಅಲ್ಲಿ ನೆಲೆಯೂರಿ. ನೀವು ಕಡಿದ ಕಾಡು, ನೀವು ಕಟ್ಟಿದ ನೀರು ಸೂರ್ಯಚಂದ್ರರಿರುವ ತನಕ ನಿಮ್ಮ ಮಕ್ಕಳದು” ಎಂದು ಮಾತು ಕೊಟ್ಟ. ಅವರು ಹೆಂಗಸರು ಮಕ್ಕಳೊಂದಿಗೆ ನಡೆದು ಬಂದರು. ಆದರೆ ಗುಡ್ಡ ಬರಿದಾಗಿರಲಿಲ್ಲ. ಜೇನು ಇಳಿಸಿ, ದನ ಮೇಯಿಸಿಕೊಂಡು ಬದುಕುವ ಜನ ಮೊದಲಿನಿಂದಲೂ ಅಲ್ಲಿದ್ದರು. ಗುಡ್ಡದ ಬುಡದಲ್ಲಿ ಬೇಸಿಗೆಗೂ ಬತ್ತದ ಒಂದು ಒರತೆಯಿತ್ತು, ಅದೇ ಅವರ ದೇವರು. ಅರಸನ ಕುದುರೆಯವರು ಅವರನ್ನು ಆಚೆಯ ಬೋಳು ಬಂಡೆಗಳಿಗೆ ಅಟ್ಟಿದರು. ಬಂದ ಒಕ್ಕಲುಗಳು ಆ ಒರತೆಯ ಮೇಲೆಯೇ ಏರಿ ಹಾಕಿ ಕೆರೆ ಕಟ್ಟಿದರು. ಬಂದವರಲ್ಲಿ ಯಾರೂ ಆಗ ಅದನ್ನು ತಪ್ಪೆಂದು ಎಣಿಸಲಿಲ್ಲ ಎನ್ನುತ್ತಾರೆ.

ಕೆರೆ ತುಂಬಿತು, ಗದ್ದೆಯಾಯಿತು, ಮೊಮ್ಮಕ್ಕಳಾದರು. ಹಳೆಯ ಚಕ್ರವರ್ತಿ ಸತ್ತು ಹೊಸಬ ಬಂದ. ಅವನಿಗೆ ಎಲ್ಲೆಲ್ಲೋ ಯುದ್ಧ. ಈ ಊರಿನ ಹರೆಯದವರನ್ನು ಹಿಡಿದು ತಂಡತಂಡವಾಗಿ ಒಯ್ದರು, ಒಬ್ಬನೂ ತಿರುಗಿ ಬರಲಿಲ್ಲ. ಬೆಟ್ಟದಾಚೆಯಿಂದ ಶತ್ರುಗಳ ದಂಡು ಬಂದು ಕಣಜ ದೋಚಿದಾಗ ಅರಸನ ಕಡೆಯ ಒಂದು ಕುದುರೆಯೂ ಈ ಕಡೆ ತಲೆ ಹಾಕಲಿಲ್ಲ. ಕೊನೆಗೆ ಕೆರೆಯ ತೂಬಿಗೆ ಅರಮನೆಯ ಮುದ್ರೆ ಬಿತ್ತು. ಇನ್ನು ನೀರು ಬಿಡಬೇಕಾದರೆ ನಾಡಾಧಿಕಾರಿಯ ಅಪ್ಪಣೆ ಬೇಕು. ಊರ ಗೌಡ ಬಂಕಗೌಡನೆಂಬವನು. ಅವನ ತಮ್ಮ, ಪೈರು ಒಣಗುವುದನ್ನು ನೋಡಲಾರದೆ ಅಪ್ಪಣೆಯಿಲ್ಲದೆ ತೂಬು ಎತ್ತಿದ. ಅವನನ್ನು ಇಲ್ಲಿ ವಿಚಾರಿಸಲಿಲ್ಲ. ಕೈಕಟ್ಟಿ ರಾಜಧಾನಿಗೆ ಕೊಂಡೊಯ್ದರು. ಅವನ ಮಾತನ್ನು ಅಲ್ಲಿ ಯಾರು ಕೇಳಿದರು, ಯಾವ ಶಿಕ್ಷೆ ಕೊಟ್ಟರು, ಅವನ ಹೆಂಡತಿಗೆ ಸಾಯುವತನಕ ತಿಳಿಯಲಿಲ್ಲ. ಬಂಕಗೌಡ ಹಿರಿಯರನ್ನು ಕಟ್ಟಿಕೊಂಡು ತಾನೇ ಅರಮನೆಗೆ ಹೋದ. ಮಳೆಗಾಲವೆಲ್ಲ ಅವರನ್ನು ಹೆಬ್ಬಾಗಿಲಲ್ಲಿ ಕೂರಿಸಿದರು. ಕಡೆಗೆ ಒಬ್ಬ ಮಂತ್ರಿ ಹೊರಗೆ ಬಂದು, “ನಿಮ್ಮನ್ನು ಅಲ್ಲಿ ನೆಟ್ಟವರು ನಾವು. ನೆಟ್ಟ ಗಿಡ ನೆಟ್ಟವನನ್ನು ಪ್ರಶ್ನೆ ಮಾಡುವುದುಂಟೆ?” ಎಂದು ನಕ್ಕು ಒಳಗೆ ಹೋದನಂತೆ.

ಆ ಮಾತನ್ನು ಬಂಕಗೌಡ ಊರಿಗೆ ಹೊತ್ತು ತಂದ. ಕೆರೆ ಏರಿಯ ಮೇಲೆ ಊರೆಲ್ಲ ಸೇರಿತು. ಅವನ ಮಗಳು ಮಾಕಮ್ಮ, ಗಂಡನನ್ನು ದಂಡಿಗೆ ಕಳೆದುಕೊಂಡವಳು, ಕಂಕುಳಲ್ಲಿ ಮಗುವಿಟ್ಟುಕೊಂಡು ಎದ್ದು ನಿಂತಳು. “ಈ ಕೂಸು ಹುಟ್ಟಿದಾಗ ಅಳುವುದಕ್ಕೆ ಯಾರ ಅಪ್ಪಣೆ ಕೇಳಿತು? ಉಸಿರು ಅರಸ ಕೊಟ್ಟದ್ದಲ್ಲ. ದುಡಿಯುವ ಕೈ ಅರಸ ಕೊಟ್ಟದ್ದಲ್ಲ. ಕಾಯುತ್ತೇನೆ ಅಂದ, ಅದಕ್ಕೆ ನಮ್ಮ ಬೆಳೆಯಲ್ಲಿ ಪಾಲು ಕೊಟ್ಟೆವು. ಕಾಯದವನಿಗೆ ಯಾಕೆ ಕೊಡಬೇಕು? ನಮ್ಮನ್ನು ಕೇಳದೆ ನಮ್ಮ ಗಂಡಂದಿರ ಪ್ರಾಣ ತೆಗೆಯುವ ಹಕ್ಕು ಅವನಿಗೆ ಎಲ್ಲಿಂದ ಬಂತು?” ಎಂದಳು. ಎಲ್ಲರೂ ಎದ್ದರು. ತೂಬಿನ ಮುದ್ರೆಯನ್ನು ಕಲ್ಲಿನಿಂದ ಜಜ್ಜಿ ನೀರು ಬಿಟ್ಟರು. ಗುಡ್ಡವೇರಿ, ಇಂದಿನಿಂದ ನಾವು ಯಾರ ಒಕ್ಕಲೂ ಅಲ್ಲವೆಂದು ಬಂಡೆ ಮುಟ್ಟಿ ಆಣೆ ಮಾಡಿದರು. “ಎಮ್ಮದು, ಎಮ್ಮದು” ಎಂದು ಅವರು ಕೂಗಿದ ಕೂಗು ಆಚೆಯ ಬಂಡೆಗಳವರೆಗೂ ಕೇಳಿಸಿತಂತೆ. ಹಳೆಯ ಮಾತಿನಲ್ಲಿ ಎದುರಿಗಿರುವವನನ್ನೂ ಸೇರಿಸಿಕೊಂಡು ಹೇಳಿದರೆ ‘ನಮ್ಮದು’, ಅವನನ್ನು ಹೊರಗಿಟ್ಟು ಹೇಳಿದರೆ ‘ಎಮ್ಮದು’ ಎಂದು ನನ್ನ ಸೋದರತ್ತೆ ಬಿಡಿಸಿ ಹೇಳುತ್ತಿದ್ದಳು.

ಅರಸನ ದಂಡು ಬಂದೇ ಬರುತ್ತದೆಂದು ಬಂಕಗೌಡನಿಗೆ ಗೊತ್ತಿತ್ತು. ಮುಂದಿನ ದಾರಿಯನ್ನು ಊರವರು ಕಾಯಬಲ್ಲರು. ಹಿಂದಿನ ಕಣಿವೆಯ ಸಂದುಗೊಂದು ಬಲ್ಲವರು ಗುಡ್ಡದ ಜನ ಮಾತ್ರ. ಆದ್ದರಿಂದ ಮಗಳನ್ನು ಕರೆದುಕೊಂಡು ಅವನು ಆ ಜನರ ಹಿರಿಯ ಬೋರಜ್ಜನ ಹಟ್ಟಿಗೆ ಹೋದ. ಈ ಊರಿನ ಗೌಡನೊಬ್ಬ ಆ ಹಟ್ಟಿಗೆ ಕಾಲಿಟ್ಟದ್ದು ಅದೇ ಮೊದಲು. ಬಂಕಗೌಡ ತನ್ನ ಜನದ ಅಳಲನ್ನೆಲ್ಲ ಹೇಳಿಕೊಂಡ. ಬೋರಜ್ಜ ನಡುವೆ ಬಾಯಿ ಹಾಕದೆ ಕೇಳಿದ.

“ನೀನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಗೌಡ. ನಿಮ್ಮ ತಾತ ಏರಿಗೆ ಮಣ್ಣು ಹಾಕುವಾಗ ನಮ್ಮ ತಾತ ಹೋಗಿ ಇದೇ ಮಾತನ್ನು ಹೇಳಿದ್ದ. ಅವನನ್ನು ಕುದುರೆಗೆ ಕಟ್ಟಿ ಎಳೆದರು.”

ಬಂಕಗೌಡ ತಲೆ ತಗ್ಗಿಸಿದ. ಮಾಕಮ್ಮ ಮುಂದೆ ಬಂದು, “ಈಗ ನಿಮಗೆ ಏನು ಬೇಕು, ಅಜ್ಜಾ?” ಎಂದಳು.

“ನಮ್ಮ ಒರತೆ, ತಾಯಿ. ಕೆರೆ ಒಡೆಯಿರಿ ಅನ್ನುವುದಿಲ್ಲ. ನಮ್ಮ ದನ ಆ ನೀರು ಕುಡಿಯಲಿ, ನಮ್ಮ ಹೆಣ್ಣುಮಕ್ಕಳು ಅಲ್ಲಿ ಕೊಡ ಅದ್ದಲಿ. ಅಷ್ಟನ್ನು ನಿಮ್ಮ ಜನರ ಎದುರು ಹೇಳಿ, ನಾಳೆಯೇ ನಾವು ಕಣಿವೆಯಲ್ಲಿರುತ್ತೇವೆ.”

“ಗೆದ್ದ ಮೇಲೆ ಕೂತು ಮಾತಾಡೋಣ ಅಜ್ಜಾ” ಎಂದ ಬಂಕಗೌಡ.

“ಅರಮನೆಯಲ್ಲಿ ನಿಮಗೂ ಹೀಗೇ ಹೇಳಿ ಕಳಿಸಿರಬೇಕು” ಎಂದು ಬೋರಜ್ಜ ಎದ್ದು ದನಗಳ ಕಡೆ ಹೋದ.

ದಾರಿಯುದ್ದಕ್ಕೂ ಮಾಕಮ್ಮ ಬೇಡಿಕೊಂಡಳು. “ಅಪ್ಪಾ, ಎಮ್ಮದು ಅನ್ನಬೇಡ, ನಮ್ಮದು ಅನ್ನು. ಒಂದು ಅಕ್ಷರ ಬದಲಿಸಿದರೆ ಊರು ಉಳಿಯುತ್ತದೆ.” ಬಂಕಗೌಡ ಕೆಟ್ಟವನಲ್ಲ, ಊರವರ ಮುಂದೆ ಮಾತನ್ನು ಇಟ್ಟ. ಆದರೆ ಊರು ಒಪ್ಪಲಿಲ್ಲ. ಅವರ ದನ ಇಳಿದರೆ ಕೆರೆ ಕದಡುತ್ತದೆ ಎಂದರು ಕೆಲವರು. ಇವತ್ತು ನೀರು ಕೇಳಿದವರು ನಾಳೆ ಗದ್ದೆ ಕೇಳುತ್ತಾರೆ ಎಂದರು ಇನ್ನು ಕೆಲವರು. “ಅವರಿಗೂ ಕೊಡುವುದಾದರೆ ನಾವು ಮುದ್ರೆ ಒಡೆದದ್ದು ಯಾತಕ್ಕೆ?” ಎಂದು ಒಬ್ಬ ಮುದುಕ ಕೇಳಿದಾಗ ಹೌದೆಂದು ತಲೆದೂಗಿದವರೇ ಹೆಚ್ಚು. ಮಾಕಮ್ಮ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಒಳ್ಳೆಯ ಜನ. ಅವಳ ಹೆರಿಗೆಗೆ ಬಿಸಿನೀರು ಹೊತ್ತವರು, ಅವಳ ಗಂಡನಿಗಾಗಿ ಅತ್ತವರು. ತಾನು ಏರಿಯ ಮೇಲೆ ಆಡಿದ ಮಾತು ಇವರ ಕಿವಿಯಲ್ಲಿ ಎಷ್ಟು ದೂರ ಇಳಿದಿದೆ ಎಂಬುದು ಅವಳಿಗೆ ಆಗ ತಿಳಿಯಿತು.

ದಂಡು ಹಿಂದಿನ ಕಣಿವೆಯಿಂದಲೇ ಬಂತು. ಮುಂದಿನ ದಾರಿ ಕಾಯುತ್ತ ನಿಂತವರ ಬೆನ್ನಿಗೆ ಈಟಿ ಬಿತ್ತು. ಹೊತ್ತು ನೆತ್ತಿಗೇರುವುದರೊಳಗೆ ಎಲ್ಲ ಮುಗಿದಿತ್ತು ಎನ್ನುತ್ತಾರೆ. ನಾಡಾಧಿಕಾರಿ ಆನೆಗಳಿಂದ ಏರಿಯನ್ನು ತುಳಿಸಿ ಒಡೆಸಿದ. ಕೆರೆಯ ನೀರೆಲ್ಲ ಕೆಳಗಿನ ಕೇರಿಯ ಮೇಲೆ ಹರಿದು, ಮನೆಯೊಳಗೆ ಅಡಗಿದ್ದ ಮುದುಕರನ್ನೂ ಬಾಣಂತಿಯರನ್ನೂ ಕೊಚ್ಚಿಕೊಂಡು ಹೋಯಿತು. ಉಳಿದವರನ್ನು ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲಿಸಿ ಅವನು ಒಂದೇ ಪ್ರಶ್ನೆ ಕೇಳುತ್ತ ಬಂದ: “ಈ ಗುಡ್ಡ ಯಾರದು?” ಅರಸರದು ಎಂದವರನ್ನು ಬಲಕ್ಕೆ ಕಳಿಸಿದ. ಬಂಕಗೌಡನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು “ಎಮ್ಮದು” ಎಂದ, ಅಲ್ಲೇ ತಲೆ ಉರುಳಿತು. ಅವನ ಹಿಂದೆ ನಿಂತವನೂ ಹಾಗೇ ಎಂದ, ಅವನ ಹಿಂದಿನವಳೂ ಅದನ್ನೇ ಎಂದಳು.

ಮಾಕಮ್ಮನ ಸರದಿ ಬಂದಾಗ ಅವಳು ತಲೆಯೆತ್ತಿ ಮೇಲಿನ ಬಂಡೆಗಳ ಕಡೆ ನೋಡಿದಳು. ಅಲ್ಲಿ ಬೋರಜ್ಜನೂ ಅವನ ಜನವೂ ನಿಂತು ಕೆಳಗೆ ನೋಡುತ್ತಿದ್ದರು. ಸಾಯುವ ಮೊದಲು ಒಂದು ನಿಜವನ್ನಾದರೂ ಆಡಬೇಕೆಂದು ಅವಳು, “ಅವರದು” ಎಂದಳು. ನಾಡಾಧಿಕಾರಿಯ ಮುಖ ಅರಳಿತು. ಹೆಸರೆತ್ತದೆ ಗೌರವದಿಂದ ಚಕ್ರವರ್ತಿಯನ್ನು ನೆನೆದಳೆಂದು ಅವನು ತಿಳಿದ. “ಗೌಡನ ಮಗಳಿಗಿರುವ ಬುದ್ಧಿ ಗೌಡನಿಗಿರಲಿಲ್ಲ” ಎಂದು ಹೇಳಿ, ತನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಅವಳಿಗೆ ಹೊದೆಸಿದ. ಅವಳು ಶಾಲನ್ನು ಕಿತ್ತೆಸೆದು, ಅಲ್ಲ, ಅಲ್ಲ, ನಾನು ಹೇಳಿದ್ದು ಅವರನ್ನು ಎಂದು ಬಂಡೆಯತ್ತ ಕೈಮಾಡಿ ಕಿರುಚಿದಳು. ಗಾಬರಿಯಿಂದ ಬುದ್ಧಿ ಕದಲಿದೆಯೆಂದು ಸೈನಿಕರು ಅವಳನ್ನೂ ಕೂಸನ್ನೂ ಬಲಕ್ಕೆ ತಳ್ಳಿದರು. ಸಾಲಿನಲ್ಲಿ ಇನ್ನೂ ಉಳಿದಿದ್ದವರಲ್ಲಿ ಅವಳ ಚಿಕ್ಕಮ್ಮ, ರಾಜಧಾನಿಗೆ ಹೋಗಿ ಬಾರದವನ ಹೆಂಡತಿ, ಇದ್ದಳು. ಅವಳು ಮಾಕಮ್ಮನ ಕಡೆ ಉಗುಳಿ, ತನ್ನ ಸರದಿಗೆ ಕಾದು, ಎಮ್ಮದು ಎಂದಳು.

ದಂಡು ಹೊರಟುಹೋದ ಮೇಲೆ ಬೋರಜ್ಜನ ಜನ ಇಳಿದು ಬಂದರು. ನೀರು ಹೋದ ಕೆರೆಯಂಗಳದಲ್ಲಿ ಒರತೆಯನ್ನು ಹುಡುಕಿ ಕೆಸರು ತೋಡಿದರು. ತಲೆಮಾರುಗಳ ಹೂಳು ಕೂತಿತ್ತು, ಅದರ ಮೇಲೆ ಒಡೆದ ಏರಿಯ ಕಲ್ಲುಮಣ್ಣು ಜರಿದು ಬಿದ್ದಿತ್ತು. ಮಾಕಮ್ಮ ಕೂಸನ್ನು ದಡದಲ್ಲಿ ಮಲಗಿಸಿ ಬಂದು ಅವರೊಂದಿಗೆ ಕೈಯಿಂದ ತೋಡಿದಳು. ಅವಳನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ದೊಡ್ಡ ಗುಂಡಿಯಾಯಿತು, ಬುಡದಲ್ಲಿ ಬಂಡೆ ಸಿಕ್ಕಿತು, ತೇವ ಸಹ ಇರಲಿಲ್ಲ. “ನಾವು ಕಣಿವೆಗೆ ಇಳಿದಿದ್ದರೆ ನೀರಾದರೂ ಉಳಿಯುತ್ತಿತ್ತು” ಎಂದು ಬೋರಜ್ಜ ಗುಂಡಿಯ ಅಂಚಿನಲ್ಲಿ ಕುಸಿದು ಕೂತನಂತೆ. ಬಲಕ್ಕೆ ಹೋಗಿ ಬದುಕಿದ ಊರವರು ಅವಳಿಗೆ ಒಲೆ ಹಚ್ಚಲು ಬೆಂಕಿಯನ್ನೂ ಕೊಡಲಿಲ್ಲ. ಅವರೂ ಅರಸರದೆಂದೇ ಬದುಕಿದವರು. ಆದರೂ ಗೌಡನ ಮಗಳ ಮೇಲೆ ತಪ್ಪು ಹೊರಿಸಿದಷ್ಟು ತಮ್ಮ ಮೇಲೆ ಹೊರಿಸಿಕೊಳ್ಳಲಿಲ್ಲ. ಮರುವರ್ಷ ನೀರಿಲ್ಲದೆ ಅವರೂ ಚದುರಿದರು. ಗುಡ್ಡದ ಜನವೂ ದೂರ ಹೋಗಿ, ಬಹಳ ಕಾಲದ ಮೇಲೆ ಕೆಲವರು ಮಾತ್ರ ಮರಳಿದರು. ಸತ್ತವರು ಕೂಗಿದ ಮಾತು ಗುಡ್ಡಕ್ಕೆ ಹೆಸರಾಗಿ ಅಂಟಿತು. ಅದರ ಅರ್ಥ ಬಲ್ಲವರು ವಿರಳವಾದ ಮೇಲೆ, ನಾಲಿಗೆಗೆ ಸುಲಭವಾದ ಎಮ್ಮೆ ಅದರೊಳಗೆ ಸೇರಿಕೊಂಡಿತು.

ಈಗ ಹೋದವರು ಗುಡ್ಡದ ಬುಡದಲ್ಲಿ ಜಾಲಿ ಬೆಳೆದ ಕೆರೆಯಂಗಳವನ್ನೂ, ಅದರ ನಡುವೆ ಬಾಯ್ದೆರೆದ ಒಂದು ಗುಂಡಿಯನ್ನೂ ನೋಡಬಹುದು. ಬೇಸಿಗೆಯಲ್ಲಿ ಹಟ್ಟಿಯ ಹೆಂಗಸರು ಅಲ್ಲಿಗೆ ಬಂದು, ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಎತ್ತಿ ದಡಕ್ಕೆ ಹಾಕಿ ಹೋಗುತ್ತಾರೆ. ಪೂಜೆಯಿಲ್ಲ, ಹಾಡಿಲ್ಲ. ನೀರು ಬಂದೀತೆ ಎಂದು ಒಬ್ಬಾಕೆಯನ್ನು ನಾನು ಕೇಳಿದ್ದೆ. “ಎಲ್ಲಿ ಬರುತ್ತದೆ ಸ್ವಾಮಿ?” ಎಂದು ಆಕೆ ಕೈಯ ಮಣ್ಣು ಕೊಡವಿಕೊಂಡಳು. ಆಷಾಢದ ಗಾಳಿ ಎದ್ದಾಗ ಆ ಮಣ್ಣೆಲ್ಲ ಮತ್ತೆ ಗುಂಡಿಗೇ ಬೀಳುತ್ತದೆ.