ಚಿಟಿಕೆ ಮೆಂತ್ಯ

ಹೊಳೆದಂಡೆಯ ಆಶ್ರಮದಲ್ಲಿ ಶಾಂತಪ್ಪನೆಂಬ ಶಿಷ್ಯನಿದ್ದ. ಹೆಸರಷ್ಟೇ ಶಾಂತ, ಎದೆ ಸದಾ ಡವಡವ.

ಅಲ್ಲಿ ದಿನಾ ಸಂಜೆ ಶಿಷ್ಯರು ಸರದಿಯಂತೆ ಪುರಾಣ ಓದಬೇಕು. ಹಿರಿಯರು ಮೊದಲು, ಕಿರಿಯರು ಕೊನೆಗೆ. ಕರೆ ಬರುವ ತನಕ ಬಾಗಿಲ ಹೊರಗೆ ಕಾಯಬೇಕು. ಹುಣ್ಣಿಮೆಗೆ ಊರವರೂ ಕೇಳಲು ಬರುತ್ತಿದ್ದರು. ಕಳೆದ ಹುಣ್ಣಿಮೆಯಲ್ಲಿ ಎಲ್ಲರಿಗಿಂತ ಕಿರಿಯನಾದ ಶಾಂತಪ್ಪ ಕರೆ ಬರುವ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದ.

ಮರುದಿನ ಗಂಟು ಕಟ್ಟಿಕೊಂಡು ಗುರು ಮುರಿಗಯ್ಯನವರ ಮುಂದೆ ನಿಂತ.

"ನನ್ನಿಂದಾಗದು ಗುರುಗಳೇ, ಊರಿಗೆ ಹೋಗುತ್ತೇನೆ. ಹಿರಿಯ ಶಿಷ್ಯ ಕೆಂಚಯ್ಯನ ಭಯಕ್ಕೆ ನೀವು ಹೇಳಿಕೊಟ್ಟ ಉಸಿರಾಟವನ್ನೂ ಮಾಡಿ ನೋಡಿದೆ. ಅವನಿಗೆ ನಾಟಿದ ಮದ್ದು ನನಗೆ ನಾಟಲಿಲ್ಲ."

"ಭಯ ಯಾವಾಗ ಬರುತ್ತದೆ?"

"ಇಡೀ ದಿನ. ಎಲ್ಲೆಲ್ಲೂ."

ಗುರುಗಳು ಅವನ ಗಂಟು ಬಿಚ್ಚಿಸಿ, ಕೈಗೆ ಒಂದು ಚೀಲ ಮೆಂತ್ಯ ಕೊಟ್ಟರು. ಎದೆ ಹೊಡೆದುಕೊಂಡಾಗ ನಿಂತಲ್ಲೇ ಒಂದು ಚಿಟಿಕೆ ಉದುರಿಸಬೇಕು. ಜೋರಾದರೆ ಒಂದು ಹಿಡಿ.

"ಆಮೇಲೆ ನೆನಪು ಮಾಡಿಕೊಂಡು ಹಾಕಬೇಡ," ಎಂದರು. "ನೆನಪು ಒಂದಕ್ಕೆ ಎರಡು ಸೇರಿಸುತ್ತದೆ."

ಜಿಟಿಜಿಟಿ ಮಳೆ ಹಿಡಿಯಿತು. ಮೆಂತ್ಯಕ್ಕೆ ಮೊಳೆಯಲು ಹೆಚ್ಚು ದಿನ ಬೇಕಿಲ್ಲ. ಒಂದು ಬೆಳಗ್ಗೆ ಗುರುಗಳು ಅವನ ಕೈ ಹಿಡಿದು ಆಶ್ರಮವನ್ನೆಲ್ಲ ಸುತ್ತಿಸಿದರು.

ಕೊಟ್ಟಿಗೆಯ ಬಳಿ ಎರಡು ಎಳೆ. ಹೊಳೆಯ ಮೆಟ್ಟಿಲ ಪಕ್ಕ ನಾಲ್ಕಾರು. ಒಳಗೆ, ದಿನಾ ಸಂಜೆ ಅವನು ಕೂತು ಪುರಾಣ ಓದುತ್ತಿದ್ದ ಪೀಠದ ಸುತ್ತ ಹುಡುಕಿದರೂ ಒಂದು ಕಾಳಿಲ್ಲ. ಆದರೆ ಬಾಗಿಲ ಹೊರಗೆ, ಸರದಿಗೆ ಕಾಯುವ ಜಾಗದಲ್ಲಿ, ಕಾಲಿಡಲು ಎಡೆಯಿಲ್ಲದಷ್ಟು ಹಸಿರು.

ಶಾಂತಪ್ಪ ಬಾಯಿ ಬಿಟ್ಟುಕೊಂಡು ನಿಂತ.

"ಹಾಗಾದರೆ ಓದುವಾಗ ನನಗೆ ಭಯವೇ ಇಲ್ಲವೇ?"

ಗುರುಗಳು ಕುಕ್ಕರಗಾಲಲ್ಲಿ ಕೂತು ಸೊಪ್ಪು ಕೀಳತೊಡಗಿದರು. ಅಂದಿನ ಮೆಂತ್ಯದ ರೊಟ್ಟಿಗೆ ಆಶ್ರಮವೇ ಬೆರಳು ಚೀಪಿತು.

ಮುಂದಿನ ಹುಣ್ಣಿಮೆಗೆ ಗುರುಗಳು ಕಿರಿಯನೇ ಮೊದಲು ಓದಲಿ ಎಂದರು. ಇದು ಸಂಪ್ರದಾಯವಲ್ಲ ಎಂದು ಕೆಂಚಯ್ಯ ಗೊಣಗಿದ.

"ನಿನ್ನ ಮದ್ದು ನಿನಗೆ, ಅವನ ಮದ್ದು ಅವನಿಗೆ," ಎಂದರು ಗುರುಗಳು.

ಶಾಂತಪ್ಪ ಬಾಗಿಲಲ್ಲಿ ಕಾಯದೆ ನೇರ ಒಳಗೆ ಹೋಗಿ ಕೂತ. ಮೊದಲ ಸಾಲಿಗೆ ದನಿ ನಡುಗಿತು, ಮುಂದಿನದಕ್ಕೆ ತಿಳಿಯಾಯಿತು. ಊರವರು ತಲೆದೂಗಿದರು. ಓದು ಮುಗಿಸಿದವನಿಗೆ ಹಿಗ್ಗು ತಡೆಯಲಾಗಲಿಲ್ಲ. ಓಡಿಬಂದು ಗುರುಗಳ ಮುಂದೆ ಚೀಲ ಹಿಡಿದ.

"ಗುರುಗಳೇ, ಇವತ್ತು ಒಂದೇ ಚಿಟಿಕೆ!"

ಗುರುಗಳು ಮುಖ ಸಪ್ಪಗೆ ಮಾಡಿಕೊಂಡರು.

"ಒಂದೇ ಚಿಟಿಕೆಯೇ? ಮುಂದಿನ ವಾರ ಮೆಂತ್ಯದ ರೊಟ್ಟಿಗೆ ಬನ್ನಿ ಅಂತ ಊರವರನ್ನೆಲ್ಲ ಕರೆದುಬಿಟ್ಟೆನಲ್ಲ ಮಾರಾಯ."