ಅಡ್ಡಗಾಲು, ಕಾಣೆ ಮತ್ತು ಒಂದು ತಂಬಿಗೆ ನೀರು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ಊರು ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ. ಕತೆ ಈಗ ತಾನೇ ಹೊರಟಿದೆ. ಹೊರಟದ್ದನ್ನು ಎಲ್ಲಿಗೆ ಏನು ಅಂತ ಕೇಳಬಾರದು. ಅಷ್ಟೂ ಗೊತ್ತಿಲ್ಲದವರು ಎದ್ದು ಹೋಗಿ ಬೆಂಕಿಗೆ ಎರಡು ಸೌದೆಯಾದರೂ ತನ್ನಿ.

ಊರಿನ ಹೆಸರು ಈಚೆಪುರ. ಹಳ್ಳ ದಾಟಿದರೆ ಆಚೆಪುರ. ಆಚೆಪುರದವರು ತಮ್ಮದೇ ಈಚೆಪುರ, ಇವರದು ಆಚೆಪುರ ಅನ್ನುತ್ತಿದ್ದರು. ಆ ಜಗಳ ಬೇರೆ, ಇವತ್ತು ಅದಕ್ಕೆ ಹೊತ್ತಿಲ್ಲ.

ಎರಡೂ ಊರಿಗೆ ಒಂದೇ ರಿವಾಜು. ಹೊರಟವರನ್ನು "ಎಲ್ಲಿಗೆ ಹೊಂಟ್ರಿ?" ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು. ಕೇಳಿಸಿಕೊಂಡವನು ಅಲ್ಲಿಂದಲೇ ತಿರುಗಿ ಮನೆಗೆ ಬರಬೇಕು. ಕಾಲು ತೊಳೆಯಬೇಕು. ಕೂರಬೇಕು. ಒಂದು ತಂಬಿಗೆ ನೀರು ಕುಡಿಯಬೇಕು. ನೀರು ಮುಗಿದ ಮೇಲೆಯೇ ಮತ್ತೆ ಹೊರಡಬೇಕು. ಒಂದು ಸಲ ಒಂದು ಹೆಣವನ್ನು ಯಾರೋ ಮರೆತು ಕೇಳಿಬಿಟ್ಟರು. ಅದು ಚಟ್ಟದಿಂದ ಇಳಿದು ಮನೆಗೆ ಬಂದು ಕಾಲು ತೊಳೆದು, ಕೂತು, ನೀರು ಕುಡಿದು, ಮತ್ತೆ ಹೋಗಿ ಮಲಗಿತು. ರಾಜನ ಆಜ್ಞೆಯನ್ನಾದರೂ ಮೀರಬಹುದು, ಇದನ್ನು ಮೀರುವ ಹಾಗಿರಲಿಲ್ಲ.

ಈಚೆಪುರದಲ್ಲಿ ದ್ಯಾಮವ್ವ ಅಂತ ಒಬ್ಬಳು ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದಳು. ಒಳ್ಳೆಯ ಹೆಂಗಸು. ನಾಲಿಗೆ ಮಾತ್ರ ಅವಳ ಕಾಲಿಗಿಂತ ಒಂದು ಹೆಜ್ಜೆ ಮುಂದೆ. ಒಂದು ದಿನ ಹಳ್ಳದ ದಂಡೆಯಲ್ಲಿ ಆಚೆಪುರದ ರಾಜ ಬಾಸಿಂಗ ಕಟ್ಟಿಕೊಂಡು, ಕುದುರೆ ಏರಿ, ತನ್ನ ಮದುವೆಗೆ ಹೋಗುತ್ತಿದ್ದ. ಇವಳಿಗೆ ನೋಡಿ ಸಂತೋಷವಾಯಿತು. ಸಂತೋಷಕ್ಕೆ ಕೇಳಿಬಿಟ್ಟಳು: "ಎಲ್ಲಿಗೆ ಹೊಂಟ್ರಿ?"

ಮುಗಿಯಿತು. ರಾಜ ತಿರುಗಿದ. ಮನೆಗೆ ಹೋದ. ಕಾಲು ತೊಳೆದ, ಕೂತ, ನೀರು ಕುಡಿದ. ಅಷ್ಟರಲ್ಲಿ ಮುಹೂರ್ತ ಮೀರಿ, ಮದುಮಗಳು ಶಹನಾಯಿ ಊದುವವನಿಗೆ ಹಾರ ಹಾಕಿಬಿಟ್ಟಿದ್ದಳು.

ವಾರದಲ್ಲಿ ಆ ರಾಜನಿಂದ ಈಚೆಪುರಕ್ಕೆ ಓಲೆ ಬಂತು. "ಬರುವ ಅಮಾವಾಸ್ಯೆ, ಮಟಮಟ ಮಧ್ಯಾಹ್ನ, ನನ್ನ ಕಾಣದ ವಿಮಾನದಲ್ಲಿ ಬಂದು ನಿಮ್ಮ ಊರಿನ ಮೇಲೆ ಬೀಸುವ ಕಲ್ಲು ಹಾಕುತ್ತೇನೆ. ಕಲ್ಲು ನಿಮ್ಮ ಊರಿಗಿಂತ ಎರಡು ಮೊಳ ಅಗಲ ಇದೆ. ವಿಮಾನಕ್ಕೆ ಬಳಿದ ಲೇಪವನ್ನೇ ಅದಕ್ಕೂ ಬಳಿದಿದ್ದೇನೆ. ತಿಳಿಯಲಿ."

ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಓಡಿಹೋಗೋಣ ಅಂದರೆ, ಊರಿನವರೆಲ್ಲ ಒಟ್ಟಿಗೆ ಹೊರಟರೆ ಯಾರಾದರೊಬ್ಬರು ಎಲ್ಲಿಗೆ ಅಂತ ಕೇಳಿಯೇ ಕೇಳುತ್ತಾರೆ. ಹಾಗಾಗಿ ಎಲ್ಲರೂ ಕೂತಲ್ಲೇ ಕೂತು ಬೆವತರು.

ಈಚೆಪುರದ ರಾಜ ದುಂಡಪ್ಪ ದೇಸಾಯಿ ಸಭೆ ಕರೆದ. ಅವನ ಹತ್ತಿರವೂ ವಿಮಾನಗಳಿದ್ದವು. ಒಂದಲ್ಲ, ಎರಡು. ಎರಡಕ್ಕೂ ಮಾತು ಬರುತ್ತಿತ್ತು. ಧೂಳಾಗುತ್ತದೆ ಅಂತ ರಾಜ ಅವನ್ನು ಒಂದು ದಿನವೂ ಹೊರಗೆ ಬಿಟ್ಟವನಲ್ಲ. ಊರು ಹೋದರೆ ಇನ್ನೊಂದು ಕಟ್ಟಬಹುದು, ವಿಮಾನಕ್ಕೆ ಗೀರು ಬಿದ್ದರೆ ಏನು ಮಾಡುವುದು ಅನ್ನುವ ಜಾತಿಯ ರಾಜ.

ಮೊದಲನೆಯದರ ಹೆಸರು ಅಡ್ಡಗಾಲು. ಬರುವ ಶತ್ರುವಿಗೆ ಓಡಿ ಹೋಗಿ ಅಡ್ಡಗಾಲು ಹಾಕುವುದು ಅದರ ಕೆಲಸ. ಎರಡನೆಯದರ ಹೆಸರು ಕಾಣೆ. ಅದು ಯಾರಿಗೂ ಕಾಣುತ್ತಿರಲಿಲ್ಲ. ಅದನ್ನು ಮಾಡಿದ ಕಮ್ಮಾರ ಅಂಥದ್ದೇ ಇನ್ನೊಂದನ್ನೂ ಮಾಡಿದ್ದ. ಅದೂ ಯಾರಿಗೂ ಕಾಣಲಿಲ್ಲವಾದ್ದರಿಂದ, ಅದು ಆಚೆಪುರಕ್ಕೆ ಹೋದದ್ದೂ ಕಾಣಲಿಲ್ಲ.

"ನನ್ನ ಬಿಡ್ರಿ," ಅಂದಿತು ಅಡ್ಡಗಾಲು. ಅದು ಪಿಸುಗುಟ್ಟಿದರೂ ಕಂಬ ಅಲುಗುತ್ತಿತ್ತು. "ಹೊಂಟೆ ಅನ್ನೂದ್ರಾಗ ಮುಟ್ಟಿರ್ತೀನಿ. ನನ್ನ ಸಪ್ಪಳ ಸೈತ ನನ್ನ ಹಿಂದಿಂದ ಓಡಿ ಬರತೈತಿ. ಅದಕ್ಕ ನಾ ಸಿಗಂಗಿಲ್ಲ."

"ಮುಟ್ಟಿ ಏನ್ ಮಾಡ್ತಿ?" ಅಂತ ಖಾಲಿ ಮೂಲೆಯೊಂದು ಕೇಳಿತು. ಅದು ಕಾಣೆ. "ಬರಾಂವ ಕಾಣಂಗಿಲ್ಲ. ಕಾಣದ್ದಕ್ಕ ಕಾಲು ಎಲ್ಲಿ ಅಡ್ಡ ಹಾಕ್ತಿ? ನನ್ನ ಕಳಸ್ರಿ."

"ನೀ ಹೋಗಿ ಏನ್ ಮಾಡ್ತಿ? ಅಂವಾ ನಿನಗ ಕಾಣಂಗಿಲ್ಲ, ನೀ ಅವಂಗ ಕಾಣಂಗಿಲ್ಲ. ಒಬ್ಬರನ್ನೊಬ್ಬರು ನೋಡದಂಗ ದಾಟಿ ಹೋಗ್ತೀರಿ. ಕಲ್ಲು ಬಂದು ನಮ್ಮ ಮ್ಯಾಲೆ ಕುಂದರತೈತಿ."

ಮಂತ್ರಿ ಬಸಲಿಂಗಯ್ಯ ಗಂಟಲು ಸರಿಮಾಡಿಕೊಂಡ. "ಕಾಣೆ ಹೋಗೂದು ಬ್ಯಾಡ. ಊರ ಮ್ಯಾಲೆ ಕಾವಲಿಗೆ ನಿಲ್ಲಲಿ. ಅಂವಾ ಹೆದರಿ ಹಿಂದಕ್ಕ ಹೋಗ್ತಾನ."

"ಕಾಣದ ಕಾವಲುಗಾರಗ ಯಾರು ಹೆದರ್ತಾರ್ರಿ?" ಅಂದಿತು ಅಡ್ಡಗಾಲು.

ಸಭೆಗೆ ಅದು ಹೌದೆನ್ನಿಸಿತು. ರಾಜನಿಗೂ ಹೌದೆನ್ನಿಸಿತು. ಅದಕ್ಕೆ ಕಾಣೆಯ ಕೊರಳಿಗೆ ಒಂದು ಗಂಟೆ ಕಟ್ಟಿಸಿದ. ಕೊರಳು ಹುಡುಕುವುದಕ್ಕೇ ಅರ್ಧ ದಿನ ಹಿಡಿಯಿತು. ಗಂಟೆ ಕಟ್ಟಿದ ಮೇಲೆ ಕಾಣೆ ಬಿಕ್ಕಿ ಬಿಕ್ಕಿ ಅತ್ತಿತು. "ಈಗ ನಾ ಕಾಣೆ ಅಲ್ರಿ, ಎತ್ತು. ಗಂಟೆ ಸಪ್ಪಳ ಕೇಳಿ ಅಂವಾ ನನ್ನ ತಪ್ಪಿಸಿ ದಾಟಿ ಬರ್ತಾನ." ಗಂಟೆ ಬಿಚ್ಚಿದರು. ಎರಡು ದಿನ ಉಳಿಯಿತು.

"ಹಂಗಾರ ಕಾಣೆಯ ಲೇಪ ತಗೊಂಡು ಅಡ್ಡಗಾಲಿಗೆ ಬಳೀರಿ," ಅಂದ ರಾಜ. ಬಳಿದರು. ಅಡ್ಡಗಾಲು ಅಂಗಳದಲ್ಲಿ ಒಂದು ಸುತ್ತು ಓಡಿತು. ಓಡಿದ ಕಾವಿಗೆ ಲೇಪ ಸೀದು, ರೊಟ್ಟಿ ಕರಕಲಾದ ವಾಸನೆ ಊರೆಲ್ಲ ತುಂಬಿತು. ಲೇಪ ಕಳೆದುಕೊಂಡ ಕಾಣೆ ಮೊದಲ ಸಲ ಎಲ್ಲರಿಗೂ ಕಂಡಿತು. ನೋಡಿದರೆ ತೊಟ್ಟಿಲಿನಷ್ಟು ದೊಡ್ಡದು. ನಾಚಿಕೆಯಿಂದ ಅದು ಮಾತೇ ಬಿಟ್ಟಿತು. ಒಂದು ದಿನ ಉಳಿಯಿತು.

ಈಗ ಉಳಿದದ್ದು ಅಡ್ಡಗಾಲು ಒಂದೇ. ಬಸಲಿಂಗಯ್ಯ ಹೇಳಿದ: "ಕಾಣದಿದ್ರ ಕಾಣದಿರಲಿ. ಮಧ್ಯಾಹ್ನ ಆಕಾಶದ ನಡುವ ಕಣ್ಣು ಮುಚ್ಚಿ ಓಡಲಿ. ಡಿಕ್ಕಿ ಹೊಡದ್ರ ಹೊಡೀತು."

"ಆಮ್ಯಾಲೆ ತಿರುಗಿ ಬರೂದು?" ಅಂತ ರಾಜ ಕೇಳಿದ. ಅವನಿಗೆ ವಿಮಾನದ ಚಿಂತೆ.

"ತಿರುಗಾಕ ನನಗ ಮೂರು ರಾಜ್ಯ ಬೇಕ್ರಿ," ಅಂದಿತು ಅಡ್ಡಗಾಲು, ಸ್ವಲ್ಪ ಮೆಲ್ಲಗೆ. "ನಿಮ್ಮದು ಮುಕ್ಕಾಲು ರಾಜ್ಯ. ಹೊಟ್ಟಿ ತುಂಬ ಎಣ್ಣಿ ಹಾಕಿದ್ರ ಭಾರಾಗಿ ಏಳಂಗಿಲ್ಲ. ಅರ್ಧ ಹಾಕಿದ್ರ ಹೋಗ್ತೀನಿ, ಬರಾಕ ಆಗಂಗಿಲ್ಲ."

ಕಮ್ಮಾರನಿಂದ ಅಂಥದ್ದೇ ಇನ್ನೊಂದು ಮಾಡಿಸೋಣ ಅಂತ ಬಸಲಿಂಗಯ್ಯ ರಾಜನನ್ನು ಒಪ್ಪಿಸಿದ ಮೇಲೆ, ಅರ್ಧವೇ ಹಾಕುವುದೆಂದು ತೀರ್ಮಾನವಾಯಿತು. ನಡೆಸುವವನು ಯಾರು? ಎಲ್ಲರ ಕಣ್ಣೂ ಮೈಲಾರಪ್ಪನ ಕಡೆ ತಿರುಗಿತು. ಮೈಲಾರಪ್ಪ ದ್ಯಾಮವ್ವನ ಗಂಡ. ಭಟ್ಟಿಗೆ ಸೌದೆ ಒಡೆದು ಹಾಕುವುದು ಬಿಟ್ಟರೆ ಅವನು ಯಾರ ಗೊಡವೆಗೂ ಹೋದವನಲ್ಲ.

ರಾಜ ಇನ್ನೊಂದು ಆಜ್ಞೆ ಮಾಡಿದ. ನಮ್ಮಲ್ಲಿ ಹೊರಡುವವರು "ಹೋಗಿ ಬರ್ತೀನಿ" ಅನ್ನುತ್ತಾರಲ್ಲ, ಮೈಲಾರಪ್ಪ ಹಾಗೆ ಅನ್ನಬಾರದು. ಬರುವುದಕ್ಕೆ ಎಣ್ಣೆ ಇಲ್ಲ. ಎಣ್ಣೆ ಇಲ್ಲದೆ ಬರ್ತೀನಿ ಅಂದರೆ ಅದು ಸುಳ್ಳಾಗುತ್ತದೆ. ರಾಜನ ಎದುರು ಸುಳ್ಳು ಹೇಳಿದರೆ ತಲೆ ಹೋಗುತ್ತದೆ. ಆದ್ದರಿಂದ ಬರೀ "ಹೋಗ್ತೀನಿ" ಅನ್ನಬೇಕು.

ಅಮಾವಾಸ್ಯೆಯ ಬೆಳಿಗ್ಗೆ ದ್ಯಾಮವ್ವ ಗಂಡನ ಮುಂದೆ ರೊಟ್ಟಿ ಇಟ್ಟಳು.

"ತಪ್ಪು ನಂದು. ಶಿಕ್ಷಾ ನಿಮಗ."

"ಮದಿವಿಗೆ ಹೊಂಟಾವನ್ನ ನೋಡಿ ಖುಷೀಲೆ ಕೇಳಿದಿ. ಅದರಾಗ ತಪ್ಪೇನೈತಿ?"

"ಹೋಗಿ ಬರ್ತೀನಿ ಅನ್ರಿ. ಮೆತ್ತಗ ಅನ್ರಿ. ನಾ ಒಬ್ಬಾಕಿ ಕೇಳ್ತೀನಿ."

ಮೈಲಾರಪ್ಪ ಬಾಯಿ ತೆರೆದ. ಬಾಗಿಲಲ್ಲಿ ಬಸಲಿಂಗಯ್ಯ ನಿಂತಿದ್ದ. ಮೈಲಾರಪ್ಪ ಬಾಯಿ ಮುಚ್ಚಿದ. ದ್ಯಾಮವ್ವನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಇವರು ಹೊರಡುವಾಗ ಎಲ್ಲಿಗೆ ಅಂತ ಕೇಳಿಬಿಡುತ್ತೇನೆ, ಇವರು ತಿರುಗಿ ಬಂದು ನೀರು ಕುಡಿಯುತ್ತಾರೆ, ಅಷ್ಟರಲ್ಲಿ ಕಲ್ಲು ಬಿದ್ದರೆ ಬೀಳಲಿ, ಇಬ್ಬರೂ ಒಟ್ಟಿಗೆ ಸಾಯುತ್ತೇವೆ.

ಬಸಲಿಂಗಯ್ಯ ಅದನ್ನು ಮೊದಲೇ ಯೋಚಿಸಿದ್ದ. ಅವಳ ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಸಿಪಾಯಿಯನ್ನು ನಿಲ್ಲಿಸಿದ. ಅವಳದೇ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತರಿಸಿದ. ಒಬ್ಬ ಅವಳ ಬಾಯಿಗೆ ಹಿಡಿ ಮಂಡಕ್ಕಿ ತುರುಕಬೇಕು. ಅವಳು ನುಂಗಿದ ತಕ್ಷಣ ಇನ್ನೊಬ್ಬ ಮತ್ತೊಂದು ಹಿಡಿ ತುರುಕಬೇಕು. ಒಣ ಮಂಡಕ್ಕಿ ಬಾಯಲ್ಲಿಟ್ಟುಕೊಂಡು ಎಲ್ಲಿಗೆ ಹೊಂಟ್ರಿ ಅಂತ ಹೇಳಿ ನೋಡಿ. ನಾನು ಕಾಯುತ್ತೇನೆ.

ಆಗಲಿಲ್ಲ ತಾನೆ? ಅವಳಿಗೂ ಆಗಲಿಲ್ಲ.

ಮಧ್ಯಾಹ್ನವಾಯಿತು. ಊರಿಗೆ ಊರೇ ಬಯಲಲ್ಲಿ ನಿಂತು ಮೇಲೆ ನೋಡಿತು. ಆಕಾಶದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ನೋಡಿ ಎಲ್ಲರೂ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಎಲ್ಲೋ ಮೇಲೆ ಗರಗರ ಅಂತು. ಬೀಸುವ ಕಲ್ಲು ಹೊರಳಿದ ಸದ್ದು.

"ಹೋಗ್ತೀನಿ," ಅಂದ ಮೈಲಾರಪ್ಪ.

ಅರ್ಧವೇ ಹೇಳಿದ ಆ ಮಾತು ಕೇಳಿ ಊರಿನವರು ತಲೆ ತಗ್ಗಿಸಿದರು. ಹೆದರಿಕೆಯಲ್ಲಿ ಮನುಷ್ಯರ ಕೈ ಸುಮ್ಮನಿರುವುದಿಲ್ಲ. ಸಿಪಾಯಿಗಳ ಪಕ್ಕದಲ್ಲಿ ಚೀಲದ ಬಾಯಿ ತೆರೆದಿತ್ತು. ಒಬ್ಬರು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು, ಇನ್ನೊಬ್ಬರು ಇನ್ನೊಂದು ಹಿಡಿ. ಎಲ್ಲರೂ ಆಕಾಶ ನೋಡುತ್ತಲೇ ತಿಂದರು. ದ್ಯಾಮವ್ವ ಗಂಟಲು ಹರಿದುಹೋಗುವಂತೆ ಆರನೇ ಹಿಡಿ ನುಂಗಿದಾಗ ಸಿಪಾಯಿ ಚೀಲಕ್ಕೆ ಕೈ ಹಾಕಿದ. ಕೈಗೆ ಚೀಲದ ತಳ ಸಿಕ್ಕಿತು.

ಅವಳು ಕೂಗಿದಳು. "ಎಲ್ಲಿಗೆ ಹೊಂಟ್ರಿ?"

ಆದರೆ ಅಡ್ಡಗಾಲು ಅಷ್ಟರಲ್ಲಿ ಎದ್ದುಬಿಟ್ಟಿತ್ತು. ತನ್ನ ಸಪ್ಪಳಕ್ಕೇ ಸಿಗದ ವಿಮಾನ ಅದು, ಹೆಂಡತಿಯ ಮಾತಿಗೆ ಸಿಗುತ್ತದೆಯೇ? ಪ್ರಶ್ನೆ ಹಿಂದೆ ಬಿತ್ತು. ಹೆಸರು ಹಿಡಿದು ಕೂಗಿದ್ದರೆ ಅದು ನೇರ ಮೈಲಾರಪ್ಪನ ಬೆನ್ನು ಹತ್ತುತ್ತಿತ್ತು. ಆದರೆ ಗಂಡನ ಹೆಸರು ಹೇಳುವ ಹೆಂಗಸು ಈಚೆಪುರದಲ್ಲಿ ಹುಟ್ಟಿರಲಿಲ್ಲ. ಹೆಸರಿಲ್ಲದ ಪ್ರಶ್ನೆ, ಅದರಲ್ಲೂ ಮರ್ಯಾದೆ ಕೊಟ್ಟು ಕೇಳಿದ ಪ್ರಶ್ನೆ, ಹೊರಟ ದೊಡ್ಡವರು ಯಾರು ಮೊದಲು ಸಿಕ್ಕರೂ ಅವರಿಗೆ ತಗಲುತ್ತದೆ.

ಖಾಲಿ ಆಕಾಶ ನರಳಿತು. "ಅಯ್ಯ, ಮತ್ತ ಕೇಳಿಬಿಟ್ಲಲ್ಲೋ ಶಿವನ."

ಆಚೆಪುರದ ರಾಜ ವಿಮಾನ ತಿರುಗಿಸಿದ. ಕಲ್ಲಿನ ಗರಗರ ಹಳ್ಳ ದಾಟಿ ಹೋಯಿತು. ಅವನು ಮನೆಯ ಅಂಗಳದಲ್ಲಿ ಇಳಿದು, ಕಾಲು ತೊಳೆದು, ಕೂತು, ನೀರು ಕುಡಿದು ಹೊರಗೆ ಬಂದರೆ ವಿಮಾನ ಎಲ್ಲಿ ಇಟ್ಟೆ ಅನ್ನುವುದೇ ಕಾಣಲಿಲ್ಲ. ಅವತ್ತಿನಿಂದ ಅಂಗಳದಲ್ಲಿ ಎರಡೂ ಕೈ ಚಾಚಿಕೊಂಡು ತಡಕಾಡುತ್ತಿದ್ದಾನೆ.

ಈಚೆಪುರ ಉಳಿಯಿತು. ಡೊಳ್ಳು ಬಾರಿಸಿದರು. ದ್ಯಾಮವ್ವ ರಾಜನ ಮುಂದೆ ನಿಂತು, "ನನ್ನ ಗಂಡ?" ಅಂದಳು.

"ಹೋಗ್ತೀನಿ ಅಂದ, ಹೋದ," ಅಂದ ಬಸಲಿಂಗಯ್ಯ. "ಅವನಂಥ ಸತ್ಯವಂತ ಇನ್ನೊಬ್ಬ ಇಲ್ಲ."

ಆದರೆ ಪ್ರಶ್ನೆ ನಿಂತಿರಲಿಲ್ಲ. ಹೋಗಬೇಕಾದವನಿಗೆ ಮುಟ್ಟದ ಪ್ರಶ್ನೆ ಹೇಗೆ ನಿಂತೀತು? ಅದು ಅಡ್ಡಗಾಲಿನ ಹಿಂದೆ ಹೊರಟಿತು. ದಾರಿಯಲ್ಲಿ ಸಂತೆಗೆ ಹೊರಟವರಿಗೆ ತಗಲಿತು, ಅವರೆಲ್ಲ ತಿರುಗಿ ಮನೆಗೆ ಹೋದರು. ಕಳ್ಳರಿಗೆ ತಗಲಿತು. ಒಂದು ಹೊಳೆಗೆ ತಗಲಿತು. ಹೊಳೆ ತಿರುಗಿ ಗುಡ್ಡ ಹತ್ತಿ ಕೂತಿತು, ಏನು ಕುಡಿಯಬೇಕೋ ತಿಳಿಯದೆ ಒದ್ದಾಡಿತು. ಒಂದು ರಾಜ್ಯ ದಾಟಿತು, ಎರಡು ದಾಟಿತು. ಮೂರನೇ ರಾಜ್ಯದ ಬಂಡೆಗಳ ನಡುವೆ ಎಣ್ಣೆ ಮುಗಿದ ಅಡ್ಡಗಾಲು ಮೂಗು ಊರಿ ಬಿದ್ದಿತ್ತು. ಪಕ್ಕದಲ್ಲಿ ಮೈಲಾರಪ್ಪ ಒಂಬತ್ತು ದಿನದಿಂದ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಬರ್ತೀನಿ ಅನ್ನಬಾರದು ಅಂತ ಆಜ್ಞೆ, ಅಂದಮೇಲೆ ಬರುವ ಹಾಗೂ ಇಲ್ಲ. ಕೂತಲ್ಲೇ ಸಾಯುವುದೆಂದು ಗಟ್ಟಿ ಮಾಡಿಕೊಂಡಿದ್ದ.

ಹತ್ತನೇ ದಿನ, ಏದುಸಿರು ಬಿಡುತ್ತ, ಪ್ರಶ್ನೆ ಬಂದು ಅವನ ಕಿವಿಗೆ ಮುಟ್ಟಿತು. ದ್ಯಾಮವ್ವನದೇ ದನಿ. "ಎಲ್ಲಿಗೆ ಹೊಂಟ್ರಿ?"

ಬಾ ಅಂತ ಕರೆದಿದ್ದರೆ ಅವನು ಬರುತ್ತಿರಲಿಲ್ಲ, ಅಷ್ಟು ಹೆದರುಪುಕ್ಕಲ. ಇದು ರಿವಾಜು. ಅವನು ಎದ್ದ. ಮೂರು ರಾಜ್ಯ ಅಳುತ್ತ ನಡೆದ. ಮುಂದಿನ ಅಮಾವಾಸ್ಯೆಯೂ ಕಳೆದು, ಅದರ ಮುಂದಿನದೂ ಕಳೆದು, ಒಂದು ಮಧ್ಯಾಹ್ನ ಒಡೆದ ಕಾಲು ಎಳೆದುಕೊಂಡು ಭಟ್ಟಿಯ ಮುಂದೆ ಬಂದು ನಿಂತ.

ದ್ಯಾಮವ್ವ ಬಾಯಿ ಬಿಡಲಿಲ್ಲ. ಕಾಲಿಗೆ ನೀರು ಕೊಟ್ಟಳು. ಅವನು ತೊಳೆದ. ಕಂಬಳಿ ಹಾಸಿದಳು. ಕೂತ. ಅಷ್ಟರಲ್ಲಿ ಬಸಲಿಂಗಯ್ಯ ಬಂದ. ಹಿಂದೆ ಅರ್ಧ ಕೊಡ ಎಣ್ಣೆ ಹೊತ್ತ ಸಿಪಾಯಿಗಳು.

"ಆಚೆಪುರದಾಂವ ಇನ್ನೂ ತಡಕಾಡಾಕ ಹತ್ಯಾನ. ಇವತ್ತೋ ನಾಳೆಯೋ ವಿಮಾನ ಅವನ ಕೈಗೆ ಸಿಗತೈತಿ. ಎರಡನೇ ಅಡ್ಡಗಾಲು ತಯಾರೈತಿ. ನೀರು ಕುಡಿ ಮೈಲಾರಪ್ಪ. ಮುಗದ ಮ್ಯಾಲೆ ಹೊರಡು. ರಿವಾಜು ಹಂಗ ಐತಿ."

ದ್ಯಾಮವ್ವ ತಂಬಿಗೆ ತಂದಳು. ಮೈಲಾರಪ್ಪ ಎರಡು ಗುಟುಕು ಕುಡಿದ. ಅವಳು ಎರಡು ಗುಟುಕಿನಷ್ಟು ಸುರಿದಳು. ಅವನು ಮತ್ತೆರಡು ಕುಡಿದ. ಅವಳು ಮತ್ತೆರಡು ಸುರಿದಳು.

"ಮುಗೀತೇನ?" ಅಂದ ಬಸಲಿಂಗಯ್ಯ.

"ಇಲ್ರಿ. ಕುಡ್ಯಾಕ ಹತ್ಯಾರ."

ಸಂಜೆ ಕೇಳಿದ. ಕುಡ್ಯಾಕ ಹತ್ಯಾರ. ಮರುದಿನ ಕೇಳಿದ. ಕುಡ್ಯಾಕ ಹತ್ಯಾರ. ಮೂರನೇ ದಿನದಿಂದ ಬಸಲಿಂಗಯ್ಯ ಕೇಳುವುದು ಬಿಟ್ಟ. ಹಿತ್ತಲಿಗೆ ಹೋಗಿ, ದ್ಯಾಮವ್ವನ ಬಾವಿಯಲ್ಲಿ ಬಗ್ಗಿ, ಇನ್ನೆಷ್ಟು ಮೆಟ್ಟಿಲು ನೀರಿದೆ ಅಂತ ನೋಡಿಕೊಂಡು ಬರುತ್ತಾನೆ. ನಿನ್ನೆ ಎಂಟು ಮೆಟ್ಟಿಲು ಇತ್ತು. ಇವತ್ತು ನೋಡಿದರೆ ಒಂಬತ್ತು.

ಅವನಿಗೆ ತಲೆ ಕೆಟ್ಟುಹೋಗಿದೆ. ಅವತ್ತು ಬಯಲಲ್ಲಿ ಮಂಡಕ್ಕಿ ತಿಂದವರೆಲ್ಲ ದಿನಾ ಬೆಳಿಗ್ಗೆ, ಅವನು ಏಳುವ ಮೊದಲು, ಸರದಿಯ ಮೇಲೆ ಒಂದೊಂದು ಕೊಡ ನೀರು ತಂದು ಆ ಬಾವಿಗೆ ಸುರಿದು ಹೋಗುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಇದರ ನೀತಿ ಬೇಕೇ ಬೇಕು ಅನ್ನುವವರಿಗೆ: ಅರ್ಧ ಎಣ್ಣೆ ಹಾಕಿ ಕಳಿಸುವವರ ಕೈಯಲ್ಲಿ ಊರಿದ್ದರೆ, ಮನೆಯಲ್ಲಿ ತಂಬಿಗೆ ಖಾಲಿ ಬಿಡಬೇಡಿ.

ನನ್ನ ಕತೆ ಮುಗಿಯಿತು, ಮೈಲಾರಪ್ಪನ ನೀರು ಮುಗಿದಿಲ್ಲ.