ಫಕೀರವ್ವ ಉಳಿಸಿಟ್ಟ ಬಳೆ

ಬಹಳ ಹಿಂದೆ, ಬಾವಿಗೆ ಹಗ್ಗ ಇತ್ತು, ಬಾಯಿಗೆ ಹಗ್ಗ ಇರಲಿಲ್ಲ, ಅಂಥ ಒಂದೂರಲ್ಲಿ ಫಕೀರವ್ವ ಅಂತ ಒಬ್ಬ ಬಳೆಗಾರ್ತಿ ಇದ್ದಳು. ನಾನು ಕಂಡಿದ್ದು ಅರ್ಧ, ಕೇಳಿದ್ದು ಅರ್ಧ. ಯಾವುದು ಯಾವುದು ಅಂತ ಈಗ ಕೇಳಬೇಡಿ.

ಅವಳ ಕೈ ಬೆಣ್ಣೆ, ಅಂತಾರೆ. ಎಂಥ ಒರಟು ಕೈಯನ್ನೂ ತಿಕ್ಕಿ, ಹಿಚುಕಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಳೆ ಏರಿಸಿಬಿಡುತ್ತಿದ್ದಳು. ಗಂಡ ಲಾರಿ ಓಡಿಸುವವ. ಹತ್ತೂರಿನ ನೀರು ಕುಡಿದವ. ನೀರಷ್ಟೇ ಕುಡಿದಿದ್ದರೆ ಚಲೋ ಇತ್ತು. ಅವನು ಸತ್ತ. ಅವಳಿಗೂ ಎಚ್‌ಐವಿ ಇದೆ ಅಂತ ದವಾಖಾನೆಯಲ್ಲಿ ಹೇಳಿದರು. ಅವಳು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಅಂತಾರೆ. ತಂದವರು ಯಾರು ಅಂತ ನಾನು ಹೇಳುವುದಿಲ್ಲ. ಆಗ ನನ್ನ ಕಾಲೂ ಗಟ್ಟಿ ಇದ್ದವು.

ಗಾಜಿನ ಬಳೆ ಒಡೆದರೆ ರಕ್ತ ಬರುತ್ತದೆ. ಅಷ್ಟೇ ಸಾಕಾಯಿತು. ಹೆಂಗಸರು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಫಕೀರವ್ವ ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗಿ ಹಾಗೇ ಮನೆಗೆ ಹೋಗುತ್ತಿದ್ದಳು. ಆದರೆ ದವಾಖಾನೆಯವರು ಕೊಟ್ಟ ಗುಳಿಗೆ ಒಂದು ದಿನವೂ ತಪ್ಪಿಸಲಿಲ್ಲ, ಅಂತಾರೆ.

ಹೀಗಿರುವಾಗ ಕಾಶವ್ವ ಅನ್ನುವ ಎಳೇ ಸೊಸೆ ಬಸಿರಾದಳು. ದವಾಖಾನೆಯವರು ರಕ್ತ ನೋಡಿ ಇವಳಿಗೂ ಅದೇ ಜಡ್ಡು ಅಂದರು. ಗುಳಿಗೆ ನುಂಗಿದರೆ ನೀನೂ ಉಳಿಯುತ್ತಿ, ಕೂಸಿಗೂ ತಗಲದಂತೆ ಕಾಯಬಹುದು ಅಂದರು. ಏಳನೇ ತಿಂಗಳಲ್ಲಿ ಕುಬುಸಕ್ಕೆ, ಬಸುರಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆ, ಅವಳನ್ನು ಮಣೆಯ ಮೇಲೆ ಕೂರಿಸಿದರು. ಪ್ಯಾಟೆಯಿಂದ ಬಂದ ಬಳೆಗಾರ ಸುದ್ದಿ ಕೇಳಿ, ಹಸಿರು ಬಳೆ ಹೊಸ್ತಿಲಲ್ಲಿಟ್ಟು ಹೋದ. ನಾವು ಹೆಂಗಸರು ಗೋಡೆಗೆ ಅಂಟಿ ನಿಂತೆವು. ಅವಳು ಚಾಚಿದ ಕೈ ಚಾಚಿದಂತೆಯೇ ಇತ್ತು. ಎದ್ದು ಹೋಗಿ ಗುಳಿಗೆಯ ಡಬ್ಬಿಯನ್ನು ಬೂದಿಗುಂಡಿಗೆ ಒಗೆದು ಬಂದಳು. ಮುಟ್ಟುವವರೇ ಇಲ್ಲದ ಮೇಲೆ ಬದುಕಿ ಏನು ಮಾಡಲಿ ಅಂದಳು.

ಫಕೀರವ್ವ ಕರೆಯದೆ ಬಂದಳು. ಗಂಡ ಸತ್ತವಳು ಕುಬುಸಕ್ಕೆ ಬಂದಳಲ್ಲ ಅಂತ ಗುಸುಗುಸು ಎದ್ದಿತು. ಅವಳು ಗುಂಡಿಯಿಂದ ಡಬ್ಬಿ ಎತ್ತಿ, ಬೂದಿ ಒರೆಸಿ, ಹೊಸ್ತಿಲ ಮೇಲಿನ ಬಳೆ ತಂದು ಮಣೆಯ ಮುಂದೆ ಕುಂತಳು. ಕಾಶವ್ವನ ಕೈ ಹಿಡಿದು ತಿಕ್ಕಿದಳು, ತಿಕ್ಕಿದಳು, ಒಲೆಯ ಮೇಲೆ ಹೋಳಿಗೆಯ ಬೇಳೆ ತಳ ಹಿಡಿಯುವ ತನಕ ತಿಕ್ಕಿದಳು, ಅಂತಾರೆ. ಒಂದೂ ಬಳೆ ಒಡೆಯಲಿಲ್ಲ, ಅಂತಾರೆ. ಎಡಗೈಗೆ ಹನ್ನೆರಡು, ಬಲಗೈಗೆ ಹನ್ನೊಂದು. ಉಳಿದ ಒಂದನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು.

“ಯವ್ವಾ, ಒಂದು ಕಡಿಮಿ ಆತಲ್ಲ.”

“ಕೂಸು ಹುಟ್ಟಿದ ಮ್ಯಾಲೆ ಹಾಕ್ತೀನಿ. ಅಲ್ಲೀತನಕ ನೀನೂ ಇರಬೇಕು, ನಾನೂ ಇರಬೇಕು. ಮೊದಲ ಗುಳಿಗಿ ನುಂಗು.”

ನುಂಗಿದಳು. ಅವತ್ತು ಗೋಡೆ ಬಿಟ್ಟು ಬಂದು, ನನಗೂ ಹಾಕು ಅಂತ ಫಕೀರವ್ವನ ಮುಂದೆ ಮೊದಲು ಕೈ ಚಾಚಿದವಳು ಯಾರು ಗೊತ್ತೇ? ಸುದ್ದಿ ತಂದವಳೇ.

ಕೂಸು ಹುಟ್ಟಿತು, ಹೆಣ್ಣು. ಫಕೀರವ್ವ ಬಂದು ಮುದ್ದಾಡಿದಳು, ಬಳೆ ಹಾಕಲಿಲ್ಲ. ನಡೆಯಲಿ ತಡಿ ಅಂದಳು. ನಡೆಯಿತು, ದವಾಖಾನೆಯವರು ಮತ್ತೆ ಮತ್ತೆ ನೋಡಿ ಕೂಸಿಗೆ ಜಡ್ಡಿಲ್ಲ ಅಂದರು. ಸಾಲೆಗೆ ಹೋಗಲಿ ತಡಿ ಅಂದಳು. ಹೋಯಿತು. ತಡಿ ತಡಿ ಅನ್ನುತ್ತಲೇ ಇಬ್ಬರ ತಲೆಯೂ ಬೆಳ್ಳಗಾಯಿತು.

ಕಡೆಗೆ ಹಾಸಿಗೆ ಹಿಡಿದ ಫಕೀರವ್ವ ಆ ಬಳೆ ತೆಗೆದು ಕಾಶವ್ವನಿಗೆ ಏರಿಸಲು ನೋಡಿದಳು. ಏರಲಿಲ್ಲ. ಬೆಣ್ಣೆ ರೊಟ್ಟಿ ತಿಂದು ಕೈ ಅಷ್ಟು ದಪ್ಪವಾಗಿತ್ತು!

“ಸಾಯ್ತಾಳ ಅಂದಿದ್ರಲ್ಲೇ, ನೋಡ್ರಿ, ಎಮ್ಮಿ ಆಗ್ಯಾಳ!” ಅಂತ ನಮ್ಮ ಕಡೆ ತಿರುಗಿ ನಕ್ಕಳು. ಆ ನಗು ಮುಖದಲ್ಲಿರುವಾಗಲೇ ಹೋದಳು, ಅಂತಾರೆ.

ಈಗಲೂ ಆ ಸೀಮೆಯಲ್ಲಿ ಕುಬುಸಕ್ಕೆ ಬಲಗೈಗೆ ಒಂದು ಬಳೆ ಕಡಿಮೆ ಹಾಕುತ್ತಾರೆ. ದವಾಖಾನೆಯಲ್ಲಿ ಗುಳಿಗೆಗೆ ಸಾಲು ನಿಂತ ಹೆಂಗಸರ ಕೈ ನೋಡಿ, ಅಲ್ಲೂ ಒಂದು ಕಡಿಮೆ. ಹೊಸಬಳು ಯಾರಾದರೂ ಅಳುತ್ತಾ ಬಂದರೆ, ಹಳಬಳೊಬ್ಬಳು ಅವಳ ಕೈ ತಿಕ್ಕುತ್ತಾ ತಿಕ್ಕುತ್ತಾ ಒಂದು ಬಳೆ ಬಿಚ್ಚಿ ತನ್ನ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಮುಂದಿನ ತಿಂಗಳು ಬಾ, ಹಾಕುತ್ತೇನೆ ಅನ್ನುತ್ತಾಳೆ.

ಮುಂದಿನ ತಿಂಗಳು ಅವಳು ಬಂದರೆ, ತಡಿ ಅನ್ನುತ್ತಾಳೆ.